ಹಾಡು ಕಟ್ಟಿದವನ ಬಾಯಲ್ಲೇ ಹಾಡು

ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರವನ್ನು ಕಂಟ್ರಿ ಸಂಗೀತದ ರಾಜಧಾನಿ ಎನ್ನುತ್ತಾರೆ. ಸಾವಿರಾರು ಜನ ಕೂರುವ ಸಭಾಂಗಣಗಳೂ ಹೆಸರಾಂತ ಧ್ವನಿಮುದ್ರಣ ಕಂಪೆನಿಗಳೂ ಅಲ್ಲಿವೆ. ಆದರೆ ಹಾಡಿನ ಮರ್ಮ ಬಲ್ಲವರು ಹುಡುಕಿಕೊಂಡು ಹೋಗುವುದು ಅಂಗಡಿ ಸಾಲೊಂದರ ನಡುವಿನ ಪುಟ್ಟ ಜಾಗಕ್ಕೆ. ಅದರ ಹೆಸರು ಬ್ಲೂಬರ್ಡ್ ಕೆಫೆ. ಅಲ್ಲಿ ಕೂರಲು ಸ್ಥಳವಿರುವುದು ಸುಮಾರು 90 ಮಂದಿಗೆ ಮಾತ್ರ.

ಏಮಿ ಕರ್ಲಂಡ್ ಎಂಬಾಕೆ 1982ರಲ್ಲಿ ಇದನ್ನು ತೆರೆದಾಗ ಅದೊಂದು ಊಟದ ಮನೆ. ಬರಬರುತ್ತಾ ಊಟ ಹಿಂದೆ ಸರಿದು ಹಾಡು ಮುಂದೆ ಬಂತು. 1985ರಲ್ಲಿ ಡಾನ್ ಶ್ಲಿಟ್ಜ್, ಥಾಮ್ ಸ್ಕೈಲರ್ ಮೊದಲಾದ ಗೀತಕಾರರು ವೇದಿಕೆಯನ್ನೇ ಬಿಟ್ಟು, ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಎದುರುಬದುರಾಗಿ ಕುಳಿತರು. ಒಬ್ಬರಾದ ಮೇಲೆ ಒಬ್ಬರು ತಮ್ಮದೇ ಹಾಡು ಹಾಡುವುದು, ಅದು ಹುಟ್ಟಿದ ಬಗೆಯನ್ನು ಹೇಳುವುದು, ಉಳಿದವರು ಮನಸ್ಸು ಬಂದರೆ ಗಿಟಾರಿನಲ್ಲಿ ಜೊತೆಗೂಡುವುದು. ಕೇಳುಗರು ಸುತ್ತಲೂ ಮೊಳದಂತರದಲ್ಲಿ ಇರುತ್ತಾರೆ. ಹಾಡು ನಡೆಯುವಾಗ ಮಾತಾಡುವಂತಿಲ್ಲ. ಈ ಮೌನವೇ ಅಲ್ಲಿನ ಕಟ್ಟುನಿಟ್ಟಾದ ನಿಯಮ.

ಇದರ ಮಹತ್ವ ತಿಳಿಯಬೇಕಾದರೆ ಕಂಟ್ರಿ ಸಂಗೀತದ ವ್ಯವಹಾರವನ್ನು ಸ್ವಲ್ಪ ಅರಿಯಬೇಕು. ಅಲ್ಲಿ ಹಾಡು ಕಟ್ಟುವವರು ಒಬ್ಬರು, ಅದನ್ನು ಹಾಡಿ ಹೆಸರು ಮಾಡುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು. 1978ರಲ್ಲಿ ಕೆನ್ನಿ ರೋಜರ್ಸ್ ಹಾಡಿದ ‘ದಿ ಗ್ಯಾಂಬ್ಲರ್’ ಮನೆಮಾತಾಯಿತು. ಅದನ್ನು ಬರೆದ ಶ್ಲಿಟ್ಜ್ ಎದುರಿಗೆ ನಡೆದು ಬಂದರೂ ಗುರುತಿಸುವವರು ಕಡಿಮೆ. ಗೀತಕಾರನ ಅನ್ನ ರಾಯಲ್ಟಿಯಲ್ಲಿದೆ. 1909ರ ಕಾನೂನು ಪ್ರತಿ ಧ್ವನಿಮುದ್ರಿಕೆಗೆ, ಹಾಡೊಂದಕ್ಕೆ 2 ಸೆಂಟ್ ಎಂದು ಗೊತ್ತುಪಡಿಸಿತು. ಆ ದರ 1978ರವರೆಗೆ ಬದಲಾಗಲೇ ಇಲ್ಲ. ಅದರಲ್ಲೂ ಪ್ರಕಾಶಕರಿಗೆ ಪಾಲು ಹೋಗಬೇಕು. ಇಂಥವನಿಗೆ ಸಣ್ಣ ಕೋಣೆಯ ಕಛೇರಿ ಎಂದರೆ ತನ್ನ ಹಾಡು ತನ್ನದೆಂದು ಹೇಳಿಕೊಳ್ಳುವ ಅವಕಾಶ.

ಈ ಪರಂಪರೆಯ ಹಿರಿಯರಲ್ಲಿ ಗೈ ಕ್ಲಾರ್ಕ್ ಒಬ್ಬರು. 1941ರಲ್ಲಿ ಪಶ್ಚಿಮ ಟೆಕ್ಸಾಸ್‌ನ ಮೊನಹಾನ್ಸ್ ಎಂಬ ಊರಿನಲ್ಲಿ ಹುಟ್ಟಿದ ಅವರು ಹಾಡಿನಷ್ಟೇ ಗಿಟಾರ್ ತಯಾರಿಕೆಯಲ್ಲೂ ನುರಿತವರು. ನ್ಯಾಶ್‌ವಿಲ್ ಮನೆಯ ಕಾರ್ಯಾಗಾರದಲ್ಲಿ ಒಂದು ಕಡೆ ಮರ ಕೆತ್ತುವುದು, ಇನ್ನೊಂದು ಕಡೆ ಹಾಡು ಕೆತ್ತುವುದು. ಅವರ ಹಾಡುಗಳನ್ನು ಜೆರ್ರಿ ಜೆಫ್ ವಾಕರ್, ಜಾನಿ ಕ್ಯಾಶ್ ಹಾಡಿದರು. ಅವರ ಮೊದಲ ಸ್ವಂತ ಧ್ವನಿಮುದ್ರಿಕೆ ‘ಓಲ್ಡ್ ನಂ. 1’ ಬಂದದ್ದು 1975ರಲ್ಲಿ.

ಅವರ ‘ದಿ ರ್‍ಯಾಂಡಲ್ ನೈಫ್’ ತಂದೆಯ ಚಾಕುವಿನ ಕುರಿತದ್ದು. ಅದರ ಮೊನೆ ಮುರಿದ ಹುಡುಗನನ್ನು ತಂದೆ ಒಂದು ಮಾತೂ ಅನ್ನಲಿಲ್ಲ. ತಂದೆ ತೀರಿಕೊಂಡಾಗ ಬಾರದ ಕಣ್ಣೀರು, ಆ ಚಾಕು ಕೈಗೆ ಬಂದಾಗ ಬರುತ್ತದೆ. ಇದನ್ನು ಹಾಡುತ್ತಾರೆ ಎನ್ನುವುದಕ್ಕಿಂತ ಗಿಟಾರಿನ ಮೇಲೆ ಹೇಳುತ್ತಾರೆ ಎನ್ನುವುದೇ ಸರಿ. ಕ್ರೀಡಾಂಗಣದಲ್ಲಿ ಇಂಥ ಹಾಡು ಕಳೆದುಹೋಗುತ್ತದೆ. ಪದ ಪದವೂ ಕಿವಿಗೆ ಬೀಳುವ ಕೋಣೆಯಲ್ಲಿ ಅದು ನಿಲ್ಲುತ್ತದೆ.

1995ರ ಸೆಪ್ಟೆಂಬರ್‌ನಲ್ಲಿ, ಒಂದು ದಂತ ಚಿಕಿತ್ಸಾಲಯದ ಸಹಾಯಾರ್ಥ, ಬ್ಲೂಬರ್ಡ್‌ನಲ್ಲಿ ಮೂವರು ಒಟ್ಟಿಗೆ ಕುಳಿತರು: ಕ್ಲಾರ್ಕ್, ಅವರ ಜೀವದ ಗೆಳೆಯ ಟೌನ್ಸ್ ವ್ಯಾನ್ ಝ್ಯಾಂಟ್, ಇಬ್ಬರನ್ನೂ ಗುರುಸಮಾನರೆಂದು ಬಗೆದ ಸ್ಟೀವ್ ಅರ್ಲ್. ಅರ್ಲ್ ಮಾದಕ ವ್ಯಸನಕ್ಕೆ ಸಿಕ್ಕಿ, ಜೈಲು ಕಂಡು, ಆಗಷ್ಟೇ ಮರಳಿ ಬದುಕಿಗೆ ಬಂದಿದ್ದರು. ಮದ್ಯಪಾನದಿಂದ ವ್ಯಾನ್ ಝ್ಯಾಂಟ್‌ರ ಆರೋಗ್ಯ ಕುಸಿದಿತ್ತು. ಅವರು ಕಟ್ಟಿದ ‘ಪ್ಯಾಂಚೋ ಅಂಡ್ ಲೆಫ್ಟಿ’ಯನ್ನು 1983ರಲ್ಲಿ ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ ಹಾಡಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ್ದರು. 1997ರ ಜನವರಿ 1ರಂದು, 52ನೇ ವಯಸ್ಸಿನಲ್ಲಿ ವ್ಯಾನ್ ಝ್ಯಾಂಟ್ ತೀರಿಕೊಂಡರು. ಆ ರಾತ್ರಿಯ ಧ್ವನಿಮುದ್ರಣ 2001ರಲ್ಲಿ ಹೊರಬಂದಾಗ, ಅದು ಕೇವಲ ಒಂದು ಕಛೇರಿಯ ದಾಖಲೆಯಾಗಿ ಉಳಿದಿರಲಿಲ್ಲ.

ವಯಸ್ಸಾದ ಗಾಯಕನ ಕಂಠ ಬಿರಿಯುತ್ತದೆ, ಮೇಲಿನ ಸ್ವರ ಎಟುಕುವುದಿಲ್ಲ. ಇದು ನಷ್ಟವೇ ಸರಿ. ಆದರೆ ಇಪ್ಪತ್ತರಲ್ಲಿ ಊಹಿಸಿ ಬರೆದ ಮುಪ್ಪಿನ ಹಾಡನ್ನು ಎಪ್ಪತ್ತರಲ್ಲಿ ಹಾಡುವಾಗ ಅದರ ತೂಕವೇ ಬೇರೆ. ಕ್ಲಾರ್ಕ್ ಕಾಯಿಲೆಗಳ ನಡುವೆಯೂ, ಬಹುಕಾಲದ ಸಂಗಾತಿ ವೆರ್ಲನ್ ಥಾಂಪ್ಸನ್‌ರ ಗಿಟಾರ್ ಆಸರೆಯಲ್ಲಿ ಹಾಡಿದರು. 2012ರಲ್ಲಿ ಅಗಲಿದ ಪತ್ನಿ ಸುಸಾನಾಳ ಹಳೆಯ ಛಾಯಾಚಿತ್ರವೊಂದರ ಸುತ್ತ ಕಟ್ಟಿದ ಹಾಡಿನ ಹೆಸರು ಹೊತ್ತ ಧ್ವನಿಮುದ್ರಿಕೆಗೆ 2014ರಲ್ಲಿ ಗ್ರಾಮಿ ಪ್ರಶಸ್ತಿ ಬಂತು. 2016ರ ಮೇ ತಿಂಗಳಲ್ಲಿ ಕ್ಲಾರ್ಕ್ ನಿಧನರಾದರು.

ಬ್ಲೂಬರ್ಡ್ ಅನ್ನು 2008ರಲ್ಲಿ ಕರ್ಲಂಡ್ ಗೀತಕಾರರ ಸಂಘಕ್ಕೇ ವಹಿಸಿಕೊಟ್ಟರು. ಕೋಣೆಯನ್ನು ಹೀಗೆ ಉಳಿಸಿಕೊಳ್ಳಬಹುದು. ಅದರಲ್ಲಿ ಹಾಡಿದವರನ್ನು ಉಳಿಸಿಕೊಳ್ಳಲಾಗದು. ಅರ್ಲ್ 2009ರಲ್ಲಿ ‘ಟೌನ್ಸ್’, 2019ರಲ್ಲಿ ‘ಗೈ’ ಎಂಬ ಧ್ವನಿಮುದ್ರಿಕೆಗಳಲ್ಲಿ ಆ ಹಿರಿಯರಿಬ್ಬರ ಹಾಡುಗಳನ್ನು ಹಾಡಿ ಋಣ ತೀರಿಸಿದರು. ಹಾಡು ಬಾಯಿಂದ ಬಾಯಿಗೆ ದಾಟುತ್ತದೆ. ಆದರೆ ಕಟ್ಟಿದವರ ಬಾಯಲ್ಲೇ, ಮೊಳದಂತರದಲ್ಲಿ ಕೂತು ಕೇಳುವ ಭಾಗ್ಯಕ್ಕೆ ಕಾಲಮಿತಿ ಉಂಟು.