ರಾಮ್ ಕುಮಾರ್ ಬರೆದ ಜನರಿಲ್ಲದ ಕಾಶಿ

ಮಂಕು ಬೂದು ಬಣ್ಣದ ನಡುವೆ ಒಂದು ಕಂದು ಪಟ್ಟಿ. ಅದಕ್ಕೆ ಒರಗಿಕೊಂಡು ಓರೆಯಾಗಿ ಇನ್ನೊಂದು. ಎಲ್ಲೋ ಒಂದು ಚಿಕ್ಕ ಕಪ್ಪು ಚೌಕ. ಅದು ಕಿಟಕಿ ಅನ್ನಿಸಿದ್ದೇ ತಡ, ಸುತ್ತಲಿನ ಬಣ್ಣವೆಲ್ಲ ಗೋಡೆಯಾಗುತ್ತದೆ, ಕೆಳಗಿನ ಬಿಳಿಚಿದ ಜಾಗ ನದಿಯಾಗುತ್ತದೆ. ಮರುಗಳಿಗೆಯಲ್ಲಿ ಮತ್ತೆ ಬರೀ ಬಣ್ಣ. ರಾಮ್ ಕುಮಾರ್ 1960ರ ದಶಕದಲ್ಲಿ ಬರೆದ ಕಾಶಿಯ ಚಿತ್ರಗಳ ಮುಂದೆ ನಿಂತರೆ ಕಣ್ಣಿಗೆ ಈ ಓಡಾಟ ತಪ್ಪದು.

1924ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ಅವರು ದೆಹಲಿಯಲ್ಲಿ ಓದಿದ್ದು ಅರ್ಥಶಾಸ್ತ್ರ. ಬ್ಯಾಂಕ್ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಕಲಾವಿದರಾದ ಆಂದ್ರೆ ಲೋತ್, ಫರ್ನಾಂಡ್ ಲೆಜೆ ಅವರ ಬಳಿ ಚಿತ್ರಕಲೆ ಕಲಿತರು. ಹಿಂದಿಯಲ್ಲಿ ಕಥೆಗಳನ್ನೂ ಬರೆದರು. ಅವರ ತಮ್ಮ ಲೇಖಕ ನಿರ್ಮಲ್ ವರ್ಮಾ. 1950ರ ದಶಕದ ರಾಮ್ ಕುಮಾರ್ ಅವರ ಚಿತ್ರಗಳ ತುಂಬ ನಗರದ ಮಧ್ಯಮ ವರ್ಗದ ಜನ: ಕೆಲಸವಿಲ್ಲದೆ, ದಿಕ್ಕು ತೋಚದೆ ನಿಂತವರು. ಅವರ ಬೆನ್ನ ಹಿಂದೆ ಒತ್ತೊತ್ತಾಗಿ ಮನೆಗಳು.

1960ರ ದಶಕದ ಆರಂಭದಲ್ಲಿ ಕಲಾವಿದ ಎಂ.ಎಫ್. ಹುಸೇನ್ ಜೊತೆ ಕಾಶಿಗೆ ಹೋದರು. ಸಾವಿಗಾಗಿ ಕಾಯುತ್ತಿದ್ದ ಮುದುಕರು, ವಿಧವೆಯರು, ಆರದ ಚಿತೆಗಳು. ಮನುಷ್ಯರ ದುಃಖವನ್ನೇ ಬರೆಯುತ್ತಿದ್ದ ಕಲಾವಿದನಿಗೆ ಇನ್ನೇನು ಬೇಕಿತ್ತು? ಆದರೆ ಆಗಿದ್ದು ಬೇರೆ. ಮನುಷ್ಯರು ಚಿತ್ರದಿಂದ ಎದ್ದುಹೋದರು. ಬೆನ್ನ ಹಿಂದಿದ್ದ ಮನೆಗಳಷ್ಟೇ ಉಳಿದವು. ಅಷ್ಟೊಂದು ಸಂಕಟವನ್ನು ಕೆಲವು ಮುಖಗಳಿಗೆ ಹೊರಿಸುವುದು ಅವರಿಗೆ ಸಾಧ್ಯವಾಗಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಆ ಸಂಕಟವನ್ನು ಗೋಡೆಗಳು ಹೊತ್ತವು. ಮಾಸಿದ ಆ ಬಣ್ಣಗಳನ್ನು ನೋಡುವಾಗ ಒಳಗೆ ಯಾರೋ ಇದ್ದಾರೆ ಅನ್ನಿಸುವುದು ಅದಕ್ಕೇ.

ಮನೆಗಳು ಹೀಗೆ ಬರೀ ಬಣ್ಣವಾಗುವುದಕ್ಕೆ ಕಾಶಿಯ ನೆಲವೂ ಒದಗಿಬಂದಿದೆ. ಊರೆಲ್ಲ ಗಂಗೆಯ ಪಶ್ಚಿಮ ದಡದಲ್ಲಿ. ಎದುರು ದಡ ಬಹುಮಟ್ಟಿಗೆ ಬಯಲು ಮರಳು. ದೋಣಿಯಲ್ಲಿ ಕೂತು ನೋಡಿದರೆ ಮೆಟ್ಟಿಲ ಮೇಲೆ ಗೋಡೆ, ಗೋಡೆಯ ಮೇಲೆ ಮಾಳಿಗೆ, ಅದರ ಮೇಲೆ ಶಿಖರ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಮಂಜಿನಲ್ಲಿ ಕರಗಿಹೋಗುತ್ತದೆ. ಹಾಗಾಗಿ ಅವರ ಅಮೂರ್ತ ಚಿತ್ರ ಬರೀ ಕಲ್ಪನೆಯಲ್ಲ, ಕಂಡದ್ದರಿಂದಲೇ ಹುಟ್ಟಿದ್ದು. ಕಾಶಿಯಾತ್ರೆ ಮಾಡಿ ಬಂದ ಕನ್ನಡಿಗರು ಇದನ್ನು ಸುಲಭವಾಗಿ ಗುರುತಿಸಬಲ್ಲರು.

ಮುಂದಿನ ದಶಕಗಳಲ್ಲಿ ಮನೆಗಳೂ ಕರಗಿದವು. ಚಾಕುವಿನಿಂದ ಎಳೆದ ದಪ್ಪ ಬಣ್ಣದ ತುಂಡುಗಳಲ್ಲಿ ಬೆಟ್ಟ, ಕಣಿವೆ, ನೀರು ಸುಳಿದು ಮರೆಯಾಗುತ್ತವೆ. ಹಸಿರು, ನೀಲಿ, ಹಳದಿ ಬಂದವು. ಸುಂದರವಾದ ಚಿತ್ರಗಳೇ. ಆದರೂ ಕಿಟಕಿಯೋ ಕಲೆಯೋ ಎಂದು ತಡವರಿಸುವಂತೆ ಮಾಡಿದ ಆ ಮೊದಲ ಕಾಶಿಯ ಚಿತ್ರಗಳೇ ನನಗೆ ಹೆಚ್ಚು.

ರಾಮ್ ಕುಮಾರ್ 2018ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರ ಎಲ್ಲಾದರೂ ಎದುರಾದರೆ, ಪಕ್ಕದ ಹೆಸರಿನ ಚೀಟಿಯನ್ನು ಆಮೇಲೆ ಓದಿ. ಮೊದಲು ಚಿತ್ರವನ್ನು ನೋಡಿ, ಸ್ವಲ್ಪ ದೂರ ನಿಂತು, ಹೆಚ್ಚು ಹೊತ್ತು.