ನಿಮಗಿದು ಗೊತ್ತೇ? ಮಾಜಿ ಸೈನಿಕ, ಡಾಕ್ಟರು ಮತ್ತು ಮನೆಯಲ್ಲಿರುವ ಬಂದೂಕು

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಡಾಕ್ಟರು ಕೇಳುವ ಒಂದು ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ: "ಮನೆಯಲ್ಲಿ ಬಂದೂಕು ಇದೆಯಾ? ಎಲ್ಲಿ ಇಟ್ಟಿದ್ದೀರಿ?" ಇದ್ದರೂ ಇಲ್ಲ ಎನ್ನುವವರಿದ್ದಾರೆ, ಮಾತು ಬದಲಿಸುವವರಿದ್ದಾರೆ. ಹೌದು ಎಂದರೆ ಹೆಸರು ಸರ್ಕಾರದ ಪಟ್ಟಿಗೆ ಹೋಗುತ್ತದೆ, ಒಂದು ದಿನ ಯಾರೋ ಬಂದು ಬಂದೂಕು ಕಿತ್ತುಕೊಂಡು ಹೋಗುತ್ತಾರೆ ಎಂಬ ಅಂಜಿಕೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬರೀ ಸುದ್ದಿ?

● ಅಮೆರಿಕದ ಅತಿ ದೊಡ್ಡ ಸಂಯೋಜಿತ ಆರೋಗ್ಯ ವ್ಯವಸ್ಥೆ ನಡೆಸುತ್ತಿರುವುದು ಖಾಸಗಿ ಕಂಪನಿಯಲ್ಲ, ಮಾಜಿ ಸೈನಿಕರ ಇಲಾಖೆ. ಜನ ಅದನ್ನು 'ವಿಎ' ಎನ್ನುತ್ತಾರೆ. 170ಕ್ಕೂ ಹೆಚ್ಚು ಆಸ್ಪತ್ರೆಗಳು, ಹೆಸರು ನೋಂದಾಯಿಸಿಕೊಂಡವರು 90 ಲಕ್ಷಕ್ಕೂ ಮೇಲೆ. 1930ರಲ್ಲಿ ಶುರುವಾದ ಸಂಸ್ಥೆಗೆ ಸಂಪುಟ ದರ್ಜೆ ಸಿಕ್ಕಿದ್ದು 1989ರಲ್ಲಿ.

● 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಅಮೆರಿಕದ ಮಾಜಿ ಸೈನಿಕರು 6,407. ದಿನಕ್ಕೆ ಹದಿನೇಳಕ್ಕಿಂತ ಹೆಚ್ಚು. ಇವುಗಳಲ್ಲಿ ನೂರಕ್ಕೆ ಸುಮಾರು 73 ಸಾವು ಬಂದೂಕಿನಿಂದ ಆದವು. ಸೇನೆಯಲ್ಲಿ ಇರದ ವಯಸ್ಕರಲ್ಲಿ ಈ ಪ್ರಮಾಣ ಅರ್ಧದ ಆಸುಪಾಸು. ಡಾಕ್ಟರು ಬಂದೂಕಿನ ಮಾತು ಎತ್ತುವುದು ಈ ಕಾರಣಕ್ಕೆ, ರಾಜಕೀಯಕ್ಕಲ್ಲ.

● ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರ ಬಳಿ ಬಂದೂಕಿದೆ. 2015ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅವರಲ್ಲಿ ಮೂವರಲ್ಲಿ ಒಬ್ಬರು ಕನಿಷ್ಠ ಒಂದನ್ನಾದರೂ ಗುಂಡು ತುಂಬಿಸಿ, ಬೀಗ ಹಾಕದೆ ಇಡುತ್ತಾರೆ.

● ರೋಗಿಯ ಬಳಿ ಬಂದೂಕಿದೆ ಎಂಬ ಒಂದೇ ಕಾರಣಕ್ಕೆ ಡಾಕ್ಟರು ಸರ್ಕಾರಕ್ಕೆ ವರದಿ ಮಾಡಬೇಕೆಂದು ಅಮೆರಿಕದ ಯಾವ ಫೆಡರಲ್ ಕಾನೂನೂ ಹೇಳುವುದಿಲ್ಲ. ರೋಗಿಯ ಗುಟ್ಟು ಕಾಪಾಡುವ 'ಹಿಪಾ' ಕಾನೂನು 1996ರದ್ದು. ವಿಎ ಆಸ್ಪತ್ರೆಗಳಲ್ಲಿ ಇದರ ಮೇಲೆ ಇನ್ನೊಂದು ರಕ್ಷಣೆಯೂ ಇದೆ: ಮದ್ಯ, ಮಾದಕ ವಸ್ತು, ಎಚ್‌ಐವಿ ಮತ್ತು ಸಿಕಲ್ ಸೆಲ್ ರಕ್ತಹೀನತೆಯ ಚಿಕಿತ್ಸೆಯ ದಾಖಲೆಗಳಿಗೆ ಪ್ರತ್ಯೇಕ, ಇನ್ನೂ ಬಿಗಿಯಾದ ಕಾನೂನು. ಆದರೆ ಪ್ರಾಣಕ್ಕೆ ಗಂಭೀರವಾದ, ತತ್‌ಕ್ಷಣದ ಅಪಾಯವಿದ್ದಾಗ ಡಾಕ್ಟರು ಬಾಯಿ ಬಿಡಬಹುದು. ಒಳ್ಳೆಯ ಡಾಕ್ಟರು ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಗೊತ್ತಾದರೆ ನಂಬಿಕೆ ಉಳಿಯುವುದಿಲ್ಲ.

● ಹಾಗಾದರೆ ಅಂಜಿಕೆ ಹುಟ್ಟಿದ್ದೆಲ್ಲಿ? ಡಾಕ್ಟರ ಕೋಣೆಯಲ್ಲಲ್ಲ, ಪಿಂಚಣಿಯ ಮೇಜಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ನಡೆದ ದಾಳಿಯಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಗುಂಡು ತಗುಲಿತು. ಅವರ ಹೆಸರಿನಲ್ಲೇ 1993ರಲ್ಲಿ ಬಂದ ಕಾನೂನು, ಅಂಗಡಿಯಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯನ್ನು ಕಡ್ಡಾಯ ಮಾಡಿತು. 1998ರ ನವೆಂಬರ್‌ನಲ್ಲಿ ಅದಕ್ಕಾಗಿ ರಾಷ್ಟ್ರೀಯ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು. ಮಾನಸಿಕವಾಗಿ ಅಸಮರ್ಥರೆಂದು ಅಧಿಕೃತವಾಗಿ ತೀರ್ಮಾನವಾದವರಿಗೆ ಬಂದೂಕು ಕೊಡಬಾರದೆಂಬ ನಿಯಮ 1968ರಿಂದಲೇ ಇತ್ತು. ಗಾಯದಿಂದಲೋ ವಯಸ್ಸಿನಿಂದಲೋ ಸವಲತ್ತಿನ ಹಣವನ್ನು ತಾವೇ ನೋಡಿಕೊಳ್ಳಲಾಗದ ಮಾಜಿ ಸೈನಿಕರಿಗೆ ವಿಎ ಒಬ್ಬ ಹಣಕಾಸಿನ ಪಾಲಕರನ್ನು ನೇಮಿಸುತ್ತದೆ. ಹಾಗೆ ಪಾಲಕರನ್ನು ಪಡೆದವರ ಹೆಸರುಗಳನ್ನು ಇಲಾಖೆ ಆ ಕಂಪ್ಯೂಟರಿಗೆ ಕಳಿಸಿತು. ನ್ಯಾಯಾಧೀಶರ ಆದೇಶವಿಲ್ಲ, ಅಪಾಯಕಾರಿ ಎಂಬ ತೀರ್ಮಾನವೂ ಇಲ್ಲ.

● 2015ರ ಕೊನೆಯ ಹೊತ್ತಿಗೆ, ಮಾನಸಿಕ ಅಸಮರ್ಥತೆಯ ಕಾರಣಕ್ಕೆ ಫೆಡರಲ್ ಇಲಾಖೆಗಳು ಸೇರಿಸಿದ್ದ ಹೆಸರುಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ವಿಎ ಕಳಿಸಿದವೇ ಆಗಿದ್ದವು. ತಿಂಗಳ ಖರ್ಚಿನ ಲೆಕ್ಕ ಇಡಲಾಗದವನು ಯಾರನ್ನೋ ಕೊಲ್ಲುತ್ತಾನೆ ಎನ್ನಲು ಯಾವ ಆಧಾರವಿದೆ? ನನ್ನ ಮಟ್ಟಿಗೆ ಇದು ಅನ್ಯಾಯ. ಇದರ ಕೆಟ್ಟ ಫಲ ಉಂಡವರು ಚಿಕಿತ್ಸೆ ಕೊಡುವವರು: "ಈ ವ್ಯಕ್ತಿ ತನ್ನ ಹಣಕಾಸು ನೋಡಿಕೊಳ್ಳಬಲ್ಲನೇ?" ಎಂಬ ಪ್ರಶ್ನೆ ವೈದ್ಯಕೀಯ ತಪಾಸಣೆಯ ಫಾರಂನಲ್ಲೇ ಇರುತ್ತದೆ. ಅಲ್ಲಿ ಹಾಕಿದ ಒಂದು ಗುರುತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಸೈನಿಕರಿಗೆ ತಿಳಿದ ಮೇಲೆ ಅವರು ಎಲ್ಲ ಡಾಕ್ಟರ ಮುಂದೆಯೂ ಬಾಯಿ ಮುಚ್ಚಿಕೊಂಡರು.

● 2024ರ ಮಾರ್ಚ್‌ನಲ್ಲಿ ಸಂಸತ್ತು ಬಜೆಟ್ ಮಸೂದೆಯೊಳಗೇ ಇದಕ್ಕೆ ತಡೆ ಹಾಕಿತು. ತನಗಾಗಲಿ ಇತರರಿಗಾಗಲಿ ಈತನಿಂದ ಅಪಾಯವಿದೆ ಎಂದು ನ್ಯಾಯಾಧಿಕಾರಿ ಹೇಳದ ಹೊರತು, ಪಾಲಕರಿದ್ದಾರೆ ಎಂಬ ಕಾರಣಕ್ಕೆ ಹೆಸರು ಕಳಿಸಲು ವಿಎ ಆ ಹಣ ಬಳಸುವಂತಿಲ್ಲ ಎಂದಿತು.

● ವಿಎಯಂತೆ ಹೆಸರು ಕಳಿಸುವ ನಿಯಮ ಸಾಮಾಜಿಕ ಭದ್ರತಾ ಇಲಾಖೆಯಲ್ಲೂ 2016ರ ಡಿಸೆಂಬರ್‌ನಲ್ಲಿ ಬಂದಿತ್ತು. 2017ರ ಫೆಬ್ರುವರಿಯಲ್ಲೇ ರದ್ದಾಯಿತು.

● ಅಮೆರಿಕದಲ್ಲಿ ಬಂದೂಕು ಮಾಲೀಕರ ರಾಷ್ಟ್ರೀಯ ಪಟ್ಟಿಯೇ ಇಲ್ಲ! 1986ರ ಕಾನೂನು ಅದನ್ನು ನಿಷೇಧಿಸಿದೆ. ತಪಾಸಣೆಯಲ್ಲಿ ಪಾಸಾದ ಖರೀದಿದಾರರ ಗುರುತಿನ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕು. ಖರೀದಿಯ ಫಾರಂ ಅಂಗಡಿಯವರ ಬಳಿಯೇ ಉಳಿಯುತ್ತದೆ. ಅಂಗಡಿ ಮುಚ್ಚಿದರೆ ಆ ಕಾಗದಗಳು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನ ಸರ್ಕಾರಿ ಕೇಂದ್ರಕ್ಕೆ ಸೇರುತ್ತವೆ. ಅಲ್ಲಿ ಮಾಲೀಕರ ಹೆಸರು ಟೈಪ್ ಮಾಡಿ ಹುಡುಕುವ ಅನುಕೂಲವನ್ನು ಬೇಕೆಂದೇ ಇಟ್ಟಿಲ್ಲ. ಸಿಬ್ಬಂದಿ ಒಂದೊಂದೇ ಪುಟ ಕಣ್ಣಾಡಿಸಬೇಕು.

● ಡಾಕ್ಟರು ಬಂದೂಕಿನ ಬಗ್ಗೆ ಕೇಳುವುದಕ್ಕೇ ಅಡ್ಡಿ ತಂದ ರಾಜ್ಯ ಫ್ಲಾರಿಡಾ. 2011ರ ಆ ಕಾನೂನಿನಲ್ಲಿ 10,000 ಡಾಲರ್‌ವರೆಗೆ ದಂಡವಿತ್ತು, ವೈದ್ಯರ ಲೈಸೆನ್ಸಿಗೂ ಕುತ್ತು. 2017ರ ಫೆಬ್ರುವರಿಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಡಾಕ್ಟರರ ವಾಕ್ ಸ್ವಾತಂತ್ರ್ಯಕ್ಕೆ ಅದು ಧಕ್ಕೆ ಎಂಬುದು ತೀರ್ಪು.

● 2011ರ ರಕ್ಷಣಾ ಕಾನೂನು, ಸೈನಿಕರ ಖಾಸಗಿ ಬಂದೂಕುಗಳ ಮಾಹಿತಿ ಸಂಗ್ರಹಿಸದಂತೆ ಸೇನೆಯನ್ನು ತಡೆದಿತ್ತು. ಎದುರಿಗೆ ಕುಗ್ಗಿಹೋದ ಹುಡುಗ ನಿಂತಿದ್ದರೂ ಮೇಲಧಿಕಾರಿ ಕೇಳಲು ಹಿಂಜರಿಯುವ ಪರಿಸ್ಥಿತಿ. ಎರಡು ವರ್ಷದ ಮೇಲೆ ತಿದ್ದುಪಡಿ ಬಂತು: ಆತ್ಮಹತ್ಯೆಯ ಸೂಚನೆ ಕಂಡರೆ ಮೇಲಧಿಕಾರಿ, ಮನೋವೈದ್ಯರು ಕೇಳಬಹುದು.

● ಅಂಜಿಕೆ ಪೂರ್ತಿ ಸುಳ್ಳು ಎನ್ನುವಂತೆಯೂ ಇಲ್ಲ. ಅಪಾಯದಲ್ಲಿರುವವರ ಬಂದೂಕನ್ನು ಕೋರ್ಟಿನ ಆದೇಶದ ಮೇಲೆ ಸ್ವಲ್ಪ ಕಾಲ ತೆಗೆದಿಡುವ ಕಾನೂನು ಮೊದಲು ಬಂದದ್ದು ಕನೆಕ್ಟಿಕಟ್‌ನಲ್ಲಿ, 1999ರಲ್ಲಿ. ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಮೇರಿಲ್ಯಾಂಡ್‌ನಂಥ ಕೆಲವೆಡೆ ಡಾಕ್ಟರೂ ಅರ್ಜಿ ಹಾಕಬಹುದು. ಆದರೂ ತೀರ್ಮಾನ ಕೋರ್ಟಿನದು.

● ವಿಎ ಆಸ್ಪತ್ರೆಗಳಲ್ಲಿ ಬೀಗ ಪುಕ್ಕಟೆ ಸಿಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿ, ತುದಿಯಲ್ಲೊಂದು ಸಣ್ಣ ಬೀಗ. ಬಂದೂಕನ್ನು ಖಾಲಿ ಮಾಡಿ, ತಂತಿಯನ್ನು ಗುಂಡು ಕೂರುವ ಜಾಗದ ಮೂಲಕ ತೂರಿಸಿ ಬೀಗ ಹಾಕಿದರೆ ಅದಕ್ಕೆ ಗುಂಡು ತುಂಬಲು ಬರುವುದಿಲ್ಲ. ಬೀಗದ ಕೈಯನ್ನು ಹೆಂಡತಿಯ ಬಳಿಯೋ ಗೆಳೆಯನ ಬಳಿಯೋ ಕೊಟ್ಟಿಡಬಹುದು. ಬಂದೂಕು ಅವನದೇ, ಅವನ ಮನೆಯಲ್ಲೇ.

● ಅಲ್ಲಿ ಡಾಕ್ಟರೂ ರೋಗಿಯೂ ಕೂಡಿ ಬರೆಯುವ 'ಸುರಕ್ಷತಾ ಯೋಜನೆ' ಎಂಬ ಕಾಗದವಿದೆ. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬ ಮನೋವಿಜ್ಞಾನಿಗಳು ರೂಪಿಸಿದ್ದು. ಆರು ಹಂತ. ಮನಸ್ಸು ಕೆಡುವ ಮುನ್ಸೂಚನೆ ಯಾವುದು, ಒಬ್ಬನೇ ಇದ್ದಾಗ ಏನು ಮಾಡಿದರೆ ಸಮಾಧಾನ, ಎಲ್ಲಿಗೆ ಹೋದರೆ, ಯಾರ ಜೊತೆ ಇದ್ದರೆ ಹಗುರಾಗುತ್ತದೆ, ಯಾರಿಗೆ ಫೋನ್ ಮಾಡಬೇಕು, ಯಾವ ಡಾಕ್ಟರಿಗೆ. ಮನೆಯನ್ನು ಸುರಕ್ಷಿತ ಮಾಡುವ ಮಾತು, ಅಂದರೆ ಬಂದೂಕಿನ ಮಾತು, ಬರುವುದು ಕೊನೆಯ ಹಂತದಲ್ಲಿ. ಅಷ್ಟು ಹೊತ್ತಿಗೆ ಇಬ್ಬರ ನಡುವೆ ಒಂದಿಷ್ಟು ವಿಶ್ವಾಸ ಕುದುರಿರುತ್ತದೆ. ಈ ಅನುಕ್ರಮ ನನಗೆ ತುಂಬ ಸರಿಯೆನಿಸುತ್ತದೆ.

● ಒಮ್ಮೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಗಳಿಗೆ ದಾಟಿಸುವುದೇ ದೊಡ್ಡದು. ಇಸ್ರೇಲ್ ಸೇನೆ 2006ರಲ್ಲಿ, ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ನೆಲೆಯಲ್ಲೇ ಬಿಟ್ಟುಹೋಗುವಂತೆ ಮಾಡಿತು. ಎಳೆಯ ಸೈನಿಕರ ಆತ್ಮಹತ್ಯೆ ನೂರಕ್ಕೆ 40ರಷ್ಟು ಇಳಿಯಿತು. ವಾರದ ಉಳಿದ ದಿನಗಳಲ್ಲಿ ಏರಲಿಲ್ಲ.

● 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡ ಮೂವರು ಒಂದು ವಾರದೊಳಗೆ ಪ್ರಾಣ ಕಳೆದುಕೊಂಡರು. ಇದರಿಂದ ತತ್ತರಿಸಿದ ಮಾಲೀಕರು ಆರೋಗ್ಯ ತಜ್ಞರ ಜೊತೆ ಸೇರಿ, ಕೊಳ್ಳಲು ಬಂದವರಲ್ಲಿ ಸಂಕಟದ ಲಕ್ಷಣ ಗುರುತಿಸುವುದು ಹೇಗೆಂದು ಬೇರೆ ಅಂಗಡಿಗಳಿಗೂ ಹೇಳಿಕೊಡುವ ಕೆಲಸಕ್ಕೆ ಕೈಹಾಕಿದರು. ಬಂದೂಕು ಬಲ್ಲವರು ಹೇಳಿದರೆ ಬಂದೂಕು ಉಳ್ಳವರು ಕೇಳುತ್ತಾರೆ.

● 2023ರ ಜನವರಿ 17ರಿಂದ, ಆತ್ಮಹತ್ಯೆಯ ಅಂಚಿನಲ್ಲಿರುವ ಅರ್ಹ ಮಾಜಿ ಸೈನಿಕರು ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೂ ಖರ್ಚು ವಿಎದು. ದಾಖಲಾದರೆ 30 ದಿನ, ಹೊರರೋಗಿಯಾದರೆ 90 ದಿನ. ವಿಎನಲ್ಲಿ ಹೆಸರು ನೋಂದಾಯಿಸಿರಬೇಕೆಂದೇನೂ ಇಲ್ಲ.

● ನಮ್ಮಲ್ಲಿ ಮಾಜಿ ಸೈನಿಕರೂ ಕೋವಿಯೂ ಒಂದೇ ಸೂರಿನಡಿ ಇರುವ ಸೀಮೆ ಕೊಡಗು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡು; ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನಿವೃತ್ತ ಸೈನಿಕರ ಚಿಕಿತ್ಸೆಗೆ 2003ರಿಂದ ಇಸಿಎಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗಳಿವೆ. ಅಲ್ಲಿನ ಡಾಕ್ಟರು ಕೋವಿಯ ಗೌರವಕ್ಕೆ ಕುಂದು ಬಾರದಂತೆ, "ಬೀಗದ ಕೈ ಯಾರ ಹತ್ತಿರ ಇದೆ ಸರ್?" ಎಂದು ಕೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗ ಚಿಕಿತ್ಸೆಯ ಗುಟ್ಟು ಕಾಯುವುದನ್ನು ರೋಗಿಯ ಹಕ್ಕೆಂದೇ ಬರೆದಿದೆ.

● ಅಮೆರಿಕದಲ್ಲಿ 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ಸಹಾಯವಾಣಿ ಸಿಗುತ್ತದೆ. ನಮ್ಮಲ್ಲಿ ಟೆಲಿ ಮಾನಸ್: 14416. ಹಗಲು ರಾತ್ರಿ, ಕನ್ನಡದಲ್ಲೂ, ಪುಕ್ಕಟೆ. ಸೇನಾಪಡೆಯವರಿಗಾಗಿ ಇದರದೇ ಪ್ರತ್ಯೇಕ ಘಟಕ 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಯಿತು.