ಬಳ್ಳ ಹಾಲು, ಬೆಂದ ಕಾಳು: ಪದಗಳ ಬಗ್ಗೆ ನಾವು ನಂಬಿದ್ದೆಷ್ಟು, ನಿಜವೆಷ್ಟು?

ಪ್ರೇಮ ಕಾದಂಬರಿ ಬರೆಯುವವರೆಂದರೆ ಜನರ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ. ಕಿಟಕಿಯಾಚೆ ಮಳೆ, ಕೈಯಲ್ಲಿ ಕಾಫಿ, ಮೂಡ್ ಬಂದಾಗ ಒಂದೇ ಉಸಿರಿಗೆ ಹತ್ತಾರು ಪುಟ. ನಾನಿರುವುದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ. ಬೆಳಗಾಗುತ್ತಿದ್ದಂತೆ ಪವರ್‌ಲೂಮ್‌ಗಳ ಸದ್ದು ಶುರು. ತಿಂಡಿ, ಮಕ್ಕಳ ಊಟದ ಡಬ್ಬಿ, ಪಾತ್ರೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತು ಬರವಣಿಗೆಗೆ. ಧಾರಾವಾಹಿಯ ಕಂತು ಪತ್ರಿಕೆಗೆ ಸಮಯಕ್ಕೆ ತಲುಪಲೇಬೇಕು. ಮೂಡಿಗಾಗಿ ಕಾಯುವ ಪುರುಸೊತ್ತು ಯಾರಿಗಿದೆ?

ನಮಗಿಂತ ಮುಂಚಿನವರೂ ಹೀಗೇ ದುಡಿದವರು. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ 35 ತುಂಬಿರಲಿಲ್ಲ. ಅಷ್ಟರೊಳಗೆ ಸುಮಾರು 20 ಕಾದಂಬರಿ ಬರೆದಿದ್ದರು. ಮನಶ್ಶಾಸ್ತ್ರ ಓದಿದ್ದ ಅವರ ‘ಶರಪಂಜರ’ವನ್ನು ಬರೀ ಪ್ರೇಮಕತೆ ಅಂದವರು ಅದನ್ನು ಓದಿಲ್ಲ ಎಂದೇ ನಾನು ತಿಳಿಯುತ್ತೇನೆ. ಹೆರಿಗೆಯ ನಂತರ ಹೆಣ್ಣಿನ ಮನಸ್ಸು ಕದಡುವುದನ್ನು ಅಷ್ಟು ಹತ್ತಿರದಿಂದ ಬರೆದವರು ಆಗ ಎಷ್ಟು ಜನವಿದ್ದರು? ಎಂ.ಕೆ. ಇಂದಿರಾ ಅವರಂತೂ ಸಂಸಾರದ ನಡುವೆ, ನಲವತ್ತು ದಾಟಿದ ಮೇಲೆ ಬರೆಯಲು ಕೂತವರು.

ಇನ್ನೊಂದು ನಂಬಿಕೆಯೂ ಇದೆ. ಪದಗಳ ಮೂಲ ಹುಡುಕುವುದು ಪಂಡಿತರ ಕೆಲಸ, ಪ್ರೇಮಕತೆಗೆ ಅದೆಲ್ಲ ಯಾಕೆ ಅನ್ನುವುದು. ಯಾಕೆಂದು ಹೇಳುತ್ತೇನೆ. ಹೊಯ್ಸಳರ ಕಾಲದ ಕತೆಯಲ್ಲಿ ನಾಯಕಿ ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿದು ಹಾಕಿದರೆ ಆ ಕತೆ ಅಲ್ಲೇ ಕೆಟ್ಟಿತು. ಮೆಣಸಿನಕಾಯಿ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಮೇಲೆ ನಮ್ಮ ಅಡುಗೆಮನೆ ಸೇರಿದ್ದು. ಅದಕ್ಕೂ ಮೊದಲು ನಮ್ಮಲ್ಲಿದ್ದ ಖಾರ ಕಾಳುಮೆಣಸಿನದು, ಹೊಸ ಕಾಯಿಗೆ ಹಳೆಯ ಹೆಸರನ್ನೇ ಕೊಟ್ಟೆವು. ನಮ್ಮ ಹಿತ್ತಲಿನ ಪರಂಗಿ ಹಣ್ಣೂ ಅಮೆರಿಕದಿಂದಲೇ ಬಂದದ್ದು. ‘ಫರಂಗಿ’ ಎಂದರೆ ಯುರೋಪಿನವನು. ಹಣ್ಣಿನ ಹೆಸರಿನಲ್ಲೇ ಅದು ಹೊರಗಿನದೆಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ.

ಜನ ಹೆಚ್ಚು ಗಟ್ಟಿಯಾಗಿ ನಂಬುವುದು ಊರುಗಳ ಹೆಸರಿನ ಕತೆಗಳನ್ನು. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಹಾಗಾಗಿ ಬೆಂದಕಾಳೂರು, ಅದೇ ಬೆಂಗಳೂರು. ಶಾಲೆಯಲ್ಲೂ ಈ ಕತೆ ಹೇಳುತ್ತಾರೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಆ ಕಲ್ಲು ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದ್ದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಮುದುಕಿ ಕಾಳು ಬೇಯಿಸುವುದಕ್ಕೆ ಮುನ್ನೂರು ವರ್ಷ ಹತ್ತಿರ ಮೊದಲೇ ಊರಿಗೆ ಆ ಹೆಸರಿತ್ತು. ಕತೆ ಚೆಂದ, ಇತಿಹಾಸ ಅಲ್ಲ.

ನಮ್ಮ ಊರಿನ ಕತೆಯೂ ಅಂಥದ್ದೇ. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತು, ಆ ಶಕುನ ನೋಡಿ ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡರು ಊರು ಕಟ್ಟಿದರು, ಬಳ್ಳದಿಂದ ಬಳ್ಳಾಪುರವಾಯಿತು. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಈ ಐತಿಹ್ಯವನ್ನು ಬರೆದಿಟ್ಟಿದ್ದಾರೆ. ಬರೆದಿಟ್ಟರು ಎಂದ ಮಾತ್ರಕ್ಕೆ ಅದು ನಡೆದದ್ದಾಗುವುದಿಲ್ಲ. ಹಸು ಹುತ್ತಕ್ಕೆ ಹಾಲು ಕರೆಯುವ ಕತೆ ತಿರುಪತಿಗೂ ಇದೆ, ದಕ್ಷಿಣದ ಇನ್ನೆಷ್ಟೋ ದೇವಸ್ಥಾನಗಳಿಗೂ ಇದೆ. ಒಂದೇ ಕತೆ ಊರೂರಲ್ಲಿ ಸಿಕ್ಕರೆ ಅದನ್ನು ಜನಪದ ಕತೆಯೆಂದು ಪ್ರೀತಿಯಿಂದ ಕೇಳಬೇಕು. ಹೆಸರಿಗೆ ಪುರಾವೆಯೆಂದು ಅದನ್ನು ಮುಂದಿಡಬಾರದು.

ಇನ್ನು ನನ್ನ ಕಸುಬಿನ ಮಾತು. ‘ಕಾದಂಬರಿ’ ಎಂಬ ಪದ ಕದಂಬ ಅರಸರಿಂದ ಬಂತು ಎಂದು ವಾದಿಸುವವರನ್ನು ಕಂಡಿದ್ದೇನೆ. ಕಾದಂಬರಿ ಒಬ್ಬ ಹುಡುಗಿಯ ಹೆಸರು! ಏಳನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಬರೆದ ಸಂಸ್ಕೃತ ಗದ್ಯಕಾವ್ಯದ ನಾಯಕಿ ಅವಳು, ಚಂದ್ರಾಪೀಡನನ್ನು ಮೆಚ್ಚಿದವಳು. ಕಾವ್ಯ ಮುಗಿಸುವ ಮುನ್ನ ಬಾಣ ತೀರಿಕೊಂಡ, ಉಳಿದದ್ದನ್ನು ಮಗ ಪೂರ್ತಿ ಮಾಡಿದ. ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಮುಂದೆ ಇಂಗ್ಲಿಷಿನವರ ನಾವೆಲ್ ನಮ್ಮಲ್ಲಿಗೆ ಬಂದಾಗ ಕನ್ನಡಿಗರೂ ಮರಾಠಿಗರೂ ಆ ಪ್ರಕಾರಕ್ಕೆ ಇವಳ ಹೆಸರನ್ನೇ ಇಟ್ಟರು. ಯುದ್ಧದ, ಪತ್ತೇದಾರಿಯ, ರಾಜಕೀಯದ ಯಾವ ನಾವೆಲೇ ಇರಲಿ, ಕನ್ನಡದಲ್ಲಿ ಅದರ ಮೇಲೆ ಒಬ್ಬ ಪ್ರೇಮಿಯ ಹೆಸರಿದೆ. ಪ್ರೇಮಕತೆ ಕೀಳು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಪ್ರೀತಿ, ಪ್ರೇಮ, ಪ್ರಣಯ ಎಲ್ಲ ಸಂಸ್ಕೃತದ್ದು, ಕನ್ನಡದಲ್ಲಿ ಒಲಿದವರ ಮಾತೇ ಇರಲಿಲ್ಲ ಎನ್ನುವುದು ಇನ್ನೊಂದು ತಪ್ಪು. ಒಲವು, ಒಲುಮೆ, ನಲ್ಮೆ ಎಲ್ಲಿಂದ ಬಂದವು? ‘ನಲ್’ ಎಂದರೆ ಒಳ್ಳೆಯದು, ಅದರಿಂದ ನಲ್ಲ, ನಲ್ಲೆ. ‘ಇನಿ’ ಎಂದರೆ ಸಿಹಿ, ಅದರಿಂದ ಇನಿಯ. ಹಳಗನ್ನಡದಲ್ಲಿ ಪ್ರೇಮಕ್ಕೆ ‘ಬೇಟ’ ಎಂಬ ಪದವಿತ್ತು. ಇದನ್ನು ಬೇಟೆಯ ಜೊತೆ ಸೇರಿಸಿ, ಪ್ರೀತಿಯೂ ಒಂದು ಬೇಟೆ ಎಂದು ಅರ್ಥ ಕಟ್ಟುವವರಿದ್ದಾರೆ. ಬೇಟೆಯ ಹಳೆಯ ರೂಪ ‘ಬೇಂಟೆ’. ಇವೆರಡೂ ಬೇರೆ ಬೇರೆ ಪದಗಳು.

ಹಾಗೆಂದು ಹೊರಗಿನಿಂದ ಬಂದ ಪದವೆಲ್ಲ ಕನ್ನಡಕ್ಕೆ ಮೈಲಿಗೆ ಎನ್ನುವ ಹಟವನ್ನೂ ನಾನು ಒಪ್ಪುವುದಿಲ್ಲ. ‘ರೈತ’ ಎಂಬುದಕ್ಕಿಂತ ಮಣ್ಣಿನ ವಾಸನೆಯ ಪದ ಯಾವುದಿದೆ? ಅದರ ಮೂಲ ಅರಬ್ಬಿಯ ‘ರಯ್ಯತ್’, ಅರಸನ ಆಳ್ವಿಕೆಗೆ ಒಳಪಟ್ಟ ಪ್ರಜೆ. ಅರ್ಜಿ, ತಾಲ್ಲೂಕುಗಳೂ ಅರಬ್ಬಿಯವೇ. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಗಿ ನಮಗೆ ಸಿಕ್ಕಿತಲ್ಲ, ಆ ‘ಜಿಲ್ಲೆ’ಗೆ ಅರಬ್ಬಿಯಲ್ಲಿ ಪಕ್ಕೆಲುಬು, ಪಕ್ಕ ಎಂಬ ಅರ್ಥ. ಮದುವೆಯಲ್ಲಿ ಮಗಳಿಗೆ ಕೊಡಿಸುವ ಬೀರು ‘ಬ್ಯೂರೋ’ದಿಂದ ಬಂದದ್ದು. ಅದರೊಳಗಿನ ಸೀರೆಯ ರೇಷ್ಮೆ ಮತ್ತು ಜರಿ ಎರಡೂ ಪಾರ್ಸಿ ಪದಗಳು, ‘ಜರ್’ ಎಂದರೆ ಚಿನ್ನ. ತಲೆತಲಾಂತರದಿಂದ ನಮ್ಮ ಅಜ್ಜಿಯರು ಆಡಿದ ಈ ಪದಗಳು ಕನ್ನಡದವೇ.

ಎಲ್ಲ ಪದವನ್ನೂ ಹೊರಗಡೆ ಹುಡುಕಬೇಕಿಲ್ಲ. ಇಬ್ಬರ ಬದುಕಿನಲ್ಲಿ ಪ್ರೀತಿ ಹಾಸುಹೊಕ್ಕಾಗಿತ್ತು ಎಂದು ಬರೆಯದ ಪ್ರೇಮ ಕಾದಂಬರಿಕಾರರಿಲ್ಲ. ಅದು ಕವಿಗಳು ಕಟ್ಟಿದ ಮಾತೆಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಬೀದಿಯ ನೇಕಾರರಿಗೆ ಹೇಳಿದರೆ ನಗುತ್ತಾರೆ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು ಹಾಸು, ಲಾಳಿ ಅಡ್ಡಕ್ಕೆ ಒಯ್ಯುವ ನೂಲು ಹೊಕ್ಕು. ಎರಡೂ ಸೇರದೆ ಬಟ್ಟೆಯೇ ಇಲ್ಲ.

ಯಾರಾದರೂ ಪದದ ಹುಟ್ಟಿನ ಕತೆ ಹೇಳಿದರೆ ಖುಷಿಯಿಂದ ಕೇಳಿ. ಆಮೇಲೆ, ಇದು ಯಾವ ಶಾಸನದಲ್ಲಿದೆ, ಯಾವ ಹಳೆಯ ಗ್ರಂಥದಲ್ಲಿದೆ ಎಂದೂ ಕೇಳಿ. ಕಿಟೆಲ್ ನಿಘಂಟು 1894ರಿಂದ ನಮ್ಮ ಬಳಿ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಿವೆ. ಎರವಲು ಪದಗಳಿಗೆಂದೇ ಜಿ. ವೆಂಕಟಸುಬ್ಬಯ್ಯನವರು ಒಂದು ಕೋಶ ಮಾಡಿಕೊಟ್ಟಿದ್ದಾರೆ. ದೊಡ್ಡಬಳ್ಳಾಪುರದ ನೇಕಾರ ಮನೆಗಳಲ್ಲಿ ನನ್ನದೊಂದು ಬೇಡಿಕೆ: ಕೈಮಗ್ಗ ನೇಯ್ದ ಅಜ್ಜ ಅಜ್ಜಿ ಇನ್ನೂ ಇದ್ದರೆ ಮಗ್ಗದ ಒಂದೊಂದು ಭಾಗವನ್ನೂ ಅವರು ಏನೆಂದು ಕರೆಯುತ್ತಿದ್ದರು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.